ರೊಟ್ಟಿ ಅಕ್ಕನ ಮೊಕದ್ದಮೆ

ಕಾಯದೆ ಓದೂ ಹುಡುಗರ ಜೋಡಿ ಕೆಲಸ ಮಾಡೋರು ನಗಲಿಕ್ಕೆ ಬ್ಯಾರೆ ಎಲ್ಲೂ ಹೋಗಬೇಕಾಗಿಲ್ಲ. ನಾ ಪುಣೆದಾಗ ಒಂದು ಲಾ ಕಾಲೇಜಿನ ಕಾನೂನು ನೆರವು ಕೇಂದ್ರದಾಗ ಕ್ಲರ್ಕ್ ಇದ್ದೀನಿ, ಊರು ವಿಜಯಪುರದ ಕಡೆ. ವಾರಕ್ಕೊಮ್ಮೆ ನಮ್ಮ ಹುಡುಗರು ಪುಣೆದ್ದೇ ಕೊಂಢವಾ ಅನ್ನೂ ಬಡಾವಣಿಗೆ ಹೋಗಿ ಮಂದಿಗೆ ಪುಕ್ಕಟೆ ಸಲಹಾ ಕೊಡತಾರ. ಬಂಗಾರದಂಥಾ ಹುಡುಗರು. ಆದ್ರ ವಾರಾ ವಾರಾ ಏನರೆ ಒಂದು ಆಗೇ ಆಗತದ. ಈ ಒಂದು ಕೇಸಿನಾಗ ಎಷ್ಟು ಆದವು ಕೇಳ್ರಿ.

೧. ಬೆನ್ನು ಹತ್ತಿದ ನೆರವು

ಮೊದಲನೇ ದಿನಾನೇ ಎಲ್ಲಾರೂ ಕರೀ ಕೋಟು ಹಾಕ್ಕೊಂಡು ಹೊಂಟ್ರು. ಅದೂ ಕಡು ಬ್ಯಾಸಗಿ. "ಕೋಟು ಬ್ಯಾಡ್ರೋ, ಮಂದಿ ಅಂಜತಾರ" ಅಂದೆ. ಕಾಲೇಜಿನ ವಾದದ ಸ್ಪರ್ಧೆದಾಗ ಕಪ್ ಗೆದ್ದ ಪುಣೆದ ಹುಡುಗ ಒಬ್ಬಾಂವ ಇದ್ದಾನ. "ಕೋಟಿಲ್ಲದ ವಕೀಲ ಎಂಥಾ ವಕೀಲ, ಮಾವಶಿ?" ಅಂತ ನನಗೇ ಮರಾಠಿಯೊಳಗ ಪಾಠ ಹೇಳಿದ. ಮಾವಶಿ ಅಂದ್ರ ಅವರಲ್ಲಿ ಚಿಕ್ಕವ್ವ.

ಓಣಿ ಹೊಕ್ಕಿದ್ದಷ್ಟೇ ತಡ, ಕರೀ ಕೋಟು ನೋಡಿ ಫುಟ್‌ಪಾತಿನ ಅಂಗಡಿ ತೆಗಸೋರು ಬಂದ್ರು ಅಂತ ಯಾರೋ ಒದರಿದ್ರು. ಗಾಡಿ, ಬುಟ್ಟಿ ಎಲ್ಲಾ ಕ್ಷಣದಾಗ ಮಾಯ. ಒಂದು ಸೊಸೈಟಿ, ಅಂದ್ರ ಅಪಾರ್ಟ್‌ಮೆಂಟಿನ ಗೇಟಿನ ಬಾಜೂಕ ಜೋಳದ ರೊಟ್ಟಿ ಮಾಡೂ ಹೆಣ್ಮಗಳು ಸುಡೂ ಹಂಚು ಸೆರಗಿನಾಗ ಹಿಡಕೊಂಡು ಓಡಿದಳು. ನಮ್ಮ ಹುಡುಗರು ಬಿಡಬೇಕಲ್ಲ! "ಮಾವಶಿ, ನಿಲ್ರಿ, ಪುಕ್ಕಟೆ ಸಹಾಯ!" ಅಂತ ಬೆನ್ನು ಹತ್ತಿದ್ರು. ಇವರು ಒದರಿದಷ್ಟೂ ಆಕಿ ಜೋರು ಓಡತಾಳ. ಕಡೀಕ ನಾನೇ ತೇಕಕೋತ, "ಯವ್ವಾ, ನಿಂದ್ರು! ಇವರು ನಮ್ಮ ಹುಡುಗ್ರು!" ಅಂದೆ. ಕನ್ನಡ ಕೇಳಿ ಆಕಿ ಗಕ್ಕನ ನಿಂತಳು.

"ಒಲಿ ಕೆಂಡದ ಮ್ಯಾಲಿನ ರೊಟ್ಟಿ ಬಿಟ್ಟು ಬಂದೆ, ಸೀದು ಹೋಗಿರತದ" ಅಂದಳು. "ಅದಕ್ಕ ಕಾಯದೆದಾಗ ಯಾವ ಕಲಮು ಹಚ್ಚತಾರ, ಕೇಳ್ರಿ ಅಕ್ಕಾರ."

೨. ಸಾಕ್ಷಿ ನಂಬರ್ ಒಂದು

ಆಕಿಗೆ ಖರೇನೇ ಕಷ್ಟ ಇತ್ತು. ಹೊಗಿ ಆಗತದ, ಗದ್ದಲ ಆಗತದ, ತಿಂಗಳೊಳಗ ಗೇಟಿನ ಬಾಜೂದಿಂದ ಏಳು ಅಂತ ಸೊಸೈಟಿಯವರು ನೋಟಿಸು ಕೊಟ್ಟಿದ್ರು. ಒಂಬತ್ತು ವರ್ಷದಿಂದ ಆಕಿ ಕುಂತ ಜಾಗಾ ಅದು. ಗಂಡ ಇಲ್ಲ. ಇಬ್ಬರು ಹೆಣ್ಣುಮಕ್ಕಳ ಶಾಲಿ ನಡ್ಯೂದು ಅದೊಂದೇ ಒಲಿ ಮ್ಯಾಲೆ. ಹೇಳ್ತಾ ಹೇಳ್ತಾ ಆಕಿ ಕಣ್ಣಾಗ ನೀರು ಬಂತು.

ಬೆಂಗಳೂರಿನ ಹುಡುಗಿ ಒಬ್ಬಳು ನಾಲ್ಕು ಪುಟದ ಫಾರ್ಮ್ ತೆಗದು ಕುಂತಳು.

"ಅಮ್ಮಾ, ಕೋರ್ಟಿನ ಅನುಭವ ಏನಾದ್ರೂ ಇದೆಯಾ?"

"ಅದರೀ. ನಮ್ಮಪ್ಪನ ಹೊಲದ ಕೇಸು ನಾ ಹುಟ್ಟೂ ಮೊದಲ ಹಾಕ್ಯಾರ. ನನ್ನ ದೊಡ್ಡ ಮಗಳು ಈಗ ಹತ್ತನೇ ಕ್ಲಾಸು. ಇನ್ನೂ ತಾರೀಖು ಕೊಡಾಕತ್ತಾರ."

"ಒಂಬತ್ತು ವರ್ಷದಿಂದ ಅಲ್ಲೇ ಕೂತಿದ್ದೀರಿ ಅನ್ನೋಕೆ ಸಾಕ್ಷಿ?"

ಆಕಿ ಜರಾ ವಿಚಾರ ಮಾಡಿದಳು. "ನೋಟಿಸಿಗೆ ಸಹಿ ಮಾಡಿದ ಸೆಕ್ರೆಟರಿ ಸಾಹೇಬ್ರೇ ಅದಾರಲ್ರಿ. ಒಂಬತ್ತು ವರ್ಷದಿಂದ ದಿನಾ ಎರಡು ರೊಟ್ಟಿ ಒಯ್ತಾರ."

ಹುಡುಗಿ ನಗಲಿಲ್ಲ. 'ಸಾಕ್ಷಿ ನಂಬರ್ ಒಂದು: ಎದುರು ಪಕ್ಷದವರು' ಅಂತ ದುಂಡಗ ಬರಕೊಂಡಳು.

೩. ಆದಿತ್ಯವಾರದ ಕೋರ್ಟು

ಹುಡುಗಿ ಮಹಾನಗರಪಾಲಿಕೆಗೆ ಹೋಗಿ ಬೀದಿ ವ್ಯಾಪಾರದ ಪ್ರಮಾಣಪತ್ರಕ್ಕ ಅರ್ಜಿ ಹಾಕಿದಳು. ಅದು ಬರೂತನಕ ಸೊಸೈಟಿಯವರನ್ನ ತಡೀಬೇಕಲ್ಲ. ಅದಕ್ಕ ಆದಿತ್ಯವಾರ ಅವರ ಮೀಟಿಂಗಿಗೆ ಹೋದ್ವಿ. ಸೆಕ್ರೆಟರಿ ಸಾಹೇಬ್ರು ಬೈಯಾಕ ಅಂತನೇ ತಯಾರಾಗಿ ಕುಂತಿದ್ರು. ನಮ್ಮ ಕಪ್ ಗೆದ್ದ ಹುಡುಗ ಎದ್ದು ನಿಂತ, ರೂಢಿ ಪ್ರಕಾರ ತಲಿ ಬಗ್ಗಿಸಿ, "ಮೈ ಲಾರ್ಡ್" ಅಂದ.

ನಾ ನಾಲಿಗಿ ಕಚ್ಚಿಕೊಂಡೆ. ಆದ್ರ ಸಾಹೇಬ್ರು ನೆಟ್ಟಗ ಕುಂತ್ರು, ಚಷ್ಮಾ ಸರಿ ಮಾಡಿಕೊಂಡ್ರು. "ಹಂ, ಮುಂದ ಹೇಳ್ರಿ" ಅಂದ್ರು. ಹುಡುಗ ಅರ್ಧಾ ತಾಸು ವಾದಾ ಮಾಡಿದ. ಹಿಂದ ಯಾರೋ ಮಾತಾಡಿದ್ರ ಸಾಹೇಬ್ರು ಟೇಬಲ್ ಬಡದು ಸುಮ್ಮನಿರಿಸಿದ್ರು. ಕಡೀಕ ಏನು ಮಾಡಿದ್ರು ಅಂತೀರಿ? ಮುಂದಿನ ಆದಿತ್ಯವಾರಕ್ಕ ತಾರೀಖು ಕೊಟ್ರು!

ಎರಡನೇ ತಾರೀಖಿಗೆ ಸಾಹೇಬ್ರು ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕ್ಕೊಂಡು ಬಂದ್ರು. ಮೂರನೇದಕ್ಕ ಮನಿಯಿಂದ ಲಟ್ಟಣಿಗಿ ತಂದು ಟೇಬಲ್ ಮ್ಯಾಲೆ ಕುಟ್ಟಾಕ ಸುರು ಮಾಡಿದ್ರು. ನಮಗ ನಗೀ, ರೊಟ್ಟಿ ಅಕ್ಕಗ ಜೀವ ಕೈಯಾಗ. ನಾಲ್ಕನೇ ತಾರೀಖು ಬರೂದರಾಗ ನೋಟಿಸಿನ ತಿಂಗಳು ಮುಗೀಲಿಕ್ಕೆ ಎರಡೇ ದಿನ ಉಳದಿದ್ವು.

ನಾಲ್ಕನೇ ಆದಿತ್ಯವಾರ ಹುಡುಗಿ ಪಾಲಿಕೆಯ ಪ್ರಮಾಣಪತ್ರ ತಂದು ಟೇಬಲ್ ಮ್ಯಾಲಿಟ್ಟಳು. ಅಕ್ಕ ಅಲ್ಲೇ ಕುಂತು ಮಾರಬಹುದು ಅಂತ ಬರದಿತ್ತು. ಸಾಹೇಬ್ರು ಹಿಂದ ಮುಂದ ಹೊಳ್ಳಿಸಿ ಓದಿದ್ರು. ರೊಟ್ಟಿ ಅಕ್ಕ ನನ್ನ ಕೈ ಗಟ್ಟಿ ಹಿಡದಿದ್ದಳು. ಸಾಹೇಬ್ರು ಲಟ್ಟಣಿಗಿ ಕುಟ್ಟಿದ್ರು.

"ಈ ಹೆಣ್ಮಗಳು ಇಲ್ಲೇ ಕುಂದ್ರಲಿ. ಹೊಗಿ ಆಗದಂಗ ಗ್ಯಾಸಿನ ಒಲಿ ಇಟ್ಟುಕೋಬೇಕು. ಕೇಸು ಮುಗೀತು." ಮುಗೀತು ಅನ್ನೂದಕ್ಕ ಅವರಿಗೇ ಜರಾ ಕೆಟ್ಟ ಅನಸಿದಂಗಿತ್ತು.

ಅಕ್ಕ ಅತ್ತಳು, ಹುಡುಗಿ ಅತ್ತಳು, ನಾನೂ ಅತ್ತೆ. ಹೊರಗ ಬಂದ ಮ್ಯಾಲೆ ಅಕ್ಕ ಕಣ್ಣು ಒರಸಿಕೋತ ನನ್ನ ಕಿವಿಯಾಗ ಕೇಳಿದಳು: "ಅಕ್ಕಾರ, ಸೆಕ್ರೆಟರಿ ಸಾಹೇಬ್ರು ಮೊದಲ ಖರೇ ಕೋರ್ಟಿನಾಗ ಜಡ್ಜ್ ಇದ್ರೇನ್ರಿ?"

"ಎಲ್ಲೀದು ತರ್ತೀಯವ್ವಾ! ಯಾವುದೋ ಆಫೀಸಿನಾಗ ಕ್ಲರ್ಕ್ ಇದ್ದು ರಿಟೈರ್ ಆಗ್ಯಾರ."

"ಅದಕ್ಕ ಮತ್ತ!" ಅಂದಳು. "ನಾಲ್ಕೇ ತಾರೀಖಿನಾಗ ತೀರ್ಪು ಬಂತು!"