ಸಾಧುವಿನ ಬಳೆ

ಬೆಳಗ್ಗೆ ಎಂಟಕ್ಕೆ ಇನ್‌ಕ್ಯುಬೇಟರಿನ ಬಾಗಿಲು ತೆರೆದ ಪ್ಲೇಟಕ್ಕ ಒಳಗಿದ್ದ ಪ್ಲೇಟನ್ನು ಎರಡೆರಡು ಸಲ ಬೆಳಕಿಗೆ ಹಿಡಿದಳು. ಸಾಧು ಸತ್ತಿರಲಿಲ್ಲ.

ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಬ್ಯಾಕ್ಟೀರಿಯಾ ಬೆಳೆಸುತ್ತಿರುವ ಅವಳಿಗೆ ಎಲ್ಲರೂ ಇಟ್ಟ ಹೆಸರು ಪ್ಲೇಟಕ್ಕ. ಯಾವ ಔಷಧಿ ಸೋಕಿದರೂ ಸಾಯುವ ಒಂದು ಬಡಪಾಯಿ ಬ್ಯಾಕ್ಟೀರಿಯಾಕ್ಕೆ ಅವಳು ಇಟ್ಟ ಹೆಸರು ಸಾಧು. ಪ್ಲೇಟಿನ ಮೇಲೆ ಸಾಧುವನ್ನು ಬಳಿದು ಔಷಧಿಯ ಬಿಲ್ಲೆ ಇಟ್ಟರೆ, ಮರುದಿನ ಬಿಲ್ಲೆಯ ಸುತ್ತ ಖಾಲಿ ವೃತ್ತ ಕಾಣಬೇಕು. ಕಂಡರೆ ಲ್ಯಾಬ್ ಸರಿ, ರೋಗಿಗಳ ರಿಪೋರ್ಟೂ ಸರಿ. ಇವತ್ತು ಸಾಧು ದಿಂಬು ಸಿಕ್ಕ ನೆಂಟನಂತೆ ಬಿಲ್ಲೆಗೆ ಒರಗಿಕೊಂಡು ಆರಾಮಾಗಿ ಬೆಳೆದಿತ್ತು.

ಹನ್ನೊಂದಕ್ಕೆ ಇನ್‌ಸ್ಪೆಕ್ಷನ್. ಅದು ಸಲೀಸಾಗಿ ಮುಗಿದರೆ ನಾಳೆಯಿಂದ ಅವಳಿಗೆ ಒಂದು ತಿಂಗಳು ರಜೆ. ದೂರದೂರಿನಲ್ಲಿರುವ ಮಗಳಿಗೆ ದಿನ ತುಂಬಿತ್ತು.

ಪಕ್ಕದ ಬೆಂಚಿನವಳು ಬಂದು ಇಣುಕಿದಳು. ಪ್ಲೇಟನ್ನು ಓರೆ ಹಿಡಿದರೆ ವೃತ್ತ ಕಾಣಬಹುದು ಎಂದಳು. ಕನ್ನಡಕ ಒರೆಸಿಕೊಂಡು ನೋಡು ಎಂದಳು. ಕೊನೆಗೆ, ಮಹಡಿ ಮೇಲಿನ ಲ್ಯಾಬಿನವರೂ ದಿನಾ ಸಾಧುವನ್ನೇ ಹಾಕುತ್ತಾರಲ್ಲ, ಅವರ ಪ್ಲೇಟನ್ನೇ ತಂದು ತೋರಿಸಿಬಿಡು ಎಂದಳು. ಪ್ಲೇಟಕ್ಕ ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದಳು. ಅಲ್ಲೂ ಸಾಧು ಬಿಲ್ಲೆಗೆ ಒರಗಿತ್ತು.

"ಹೌದಾ? ನಾವು ನೋಡೇ ಇಲ್ಲ," ಎಂದ ಅಲ್ಲಿನ ಟೆಕ್ನಿಷಿಯನ್. "ವೃತ್ತ ದಿನಾ ಇಪ್ಪತ್ತು ಮಿಲಿಮೀಟರೇ ತಾನೆ ಅಂತ ಬಂದ ಕೂಡ್ಲೇ ಬರೆದುಬಿಡ್ತೀವಕ್ಕ."

ಎದುರಿನ ಮಕ್ಕಳ ಆಸ್ಪತ್ರೆಗೆ ಓಡಿದಳು. ಅಲ್ಲೂ ಅದೇ ಕತೆ. ಅವರಿಗೆ ಸಾಧುವನ್ನು ಕೊಟ್ಟವರು ಮಹಡಿಯವರು. ಮಹಡಿಯವರಿಗೆ ಹತ್ತು ದಿನದ ಹಿಂದೆ ಕೊಟ್ಟವಳು ಇವಳೇ. ಇವತ್ತು ಇನ್‌ಸ್ಪೆಕ್ಷನ್ ಅಂತ ಕಣ್ಣಿಟ್ಟು ನೋಡಿದ್ದು ಬಿಟ್ಟರೆ, ಈ ಹತ್ತು ದಿನ ಇವಳೂ ನೋಡದೆ ಇಪ್ಪತ್ತು ಎಂದೇ ಬರೆದಿದ್ದಳು.

ವಾಪಸು ಬರುತ್ತ ರಸ್ತೆಯ ನಡುವೆ ನಿಂತೇಬಿಟ್ಟಳು. ಅವತ್ತು ಮಗಳು ಫೋನು ಮಾಡಿ, ಹೆದರಿಕೆ ಆಗ್ತಿದೆ, ಬರ್ತೀಯ ತಾನೆ ಎಂದು ಅತ್ತಿದ್ದಳು. ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿ ಬರ್ತೀನಿ, ಬರ್ತೀನಿ ಅನ್ನುತ್ತ, ಯಾರೋ ರೋಗಿಯ ಹಠಮಾರಿ ಬ್ಯಾಕ್ಟೀರಿಯಾ ಮುಟ್ಟಿದ ತಂತಿಯನ್ನು ಬೆಂಕಿಗೆ ಹಿಡಿದು ಶುದ್ಧ ಮಾಡದೆ ಸಾಧುವಿನ ಟ್ಯೂಬಿಗೆ ಅದ್ದಿರಬೇಕು. ಆ ಹಠಮಾರಿಯ ಹತ್ತಿರ ಪ್ಲಾಸ್ಮಿಡ್ ಇತ್ತು. ಬಳೆಯಂತೆ ದುಂಡಗಿನ ಪುಟ್ಟ ಡಿಎನ್‌ಎ ಅದು. ಔಷಧಿಗೆ ಜಗ್ಗದೆ ಬದುಕುವ ಉಪಾಯ ಅದರಲ್ಲಿರುತ್ತದೆ. ತನ್ನ ಕೈಯ ಬಳೆ ಬಿಚ್ಚದೆಯೇ ಅಂಥದೇ ಇನ್ನೊಂದನ್ನು ಪಕ್ಕದವಳಿಗೆ ತೊಡಿಸುವ ವಿದ್ಯೆ ಬ್ಯಾಕ್ಟೀರಿಯಾಕ್ಕೆ ಗೊತ್ತು. ಕುಲಗೋತ್ರ ಕೂಡ ಕೇಳುವುದಿಲ್ಲ. ಹಾಗೆ ಬಳೆ ತೊಟ್ಟ ಸಾಧು ಈಗ ಮೂರು ಲ್ಯಾಬುಗಳಲ್ಲಿ ಸಂಸಾರ ಹೂಡಿತ್ತು.

ಇನ್‌ಸ್ಪೆಕ್ಟರು ಹೇಳಿದ ಹೊತ್ತಿಗೇ ಬಂದರು. ತಾವು ತಂದ ಸಾಧುವಿನಿಂದ ಹಿಂದಿನ ದಿನವೇ ಒಂದು ಪ್ಲೇಟು ಹಾಕಿಸಿ, ಟೇಪು ಸುತ್ತಿ ಸಹಿ ಮಾಡಿ ಹೋಗಿದ್ದರು. ಎರಡನ್ನೂ ಹೋಲಿಸಿ ನೋಡುವುದು ಅವರ ಪದ್ಧತಿ. ಪ್ಲೇಟಕ್ಕನ ಪ್ಲೇಟು ನೋಡಿ ಹುಬ್ಬು ಗಂಟಿಕ್ಕಿದರು. ತಮ್ಮದರ ಟೇಪು ಬಿಚ್ಚಿದರು. ಅದರಲ್ಲೂ ವೃತ್ತವಿಲ್ಲ. ಪ್ಲೇಟನ್ನು ಓರೆ ಹಿಡಿದರು, ಕನ್ನಡಕ ಒರೆಸಿಕೊಂಡರು.

"ಬಿಲ್ಲೆ ಹಳೇದಿರಬೇಕು," ಎಂದರು. ಪಕ್ಕದ ಬೆಂಚಿನವಳು ಕತ್ತು ಉಳುಕುವಷ್ಟು ತಲೆಯಾಡಿಸಿದಳು.

ಸುಮ್ಮನಿದ್ದರೆ ಮುಗಿಯಿತು: ನಾಳೆ ಬೆಳಗಿನ ರೈಲು, ಮಗಳ ಮನೆ. ಆದರೆ ಬಾಣಂತಿ ಮಗಳಿಗೆ ಜ್ವರ ಬಂದು, ಆ ಊರಿನ ಲ್ಯಾಬಿನಲ್ಲೂ ಒಬ್ಬಳು ಹೀಗೇ ಸುಮ್ಮನಿದ್ದುಬಿಟ್ಟರೆ? ಆ ಒಬ್ಬಳ ಮುಖ ತನ್ನದೇ ಮುಖದಂತೆ ಕಂಡಿತು.

"ಸರ್, ನಿಮ್ಮ ಟ್ಯೂಬು ಎಲ್ಲಿಂದ ತಂದಿದ್ದು?"

"ಹೋದ ವಾರ ಮಕ್ಕಳ ಆಸ್ಪತ್ರೆ ಇನ್‌ಸ್ಪೆಕ್ಷನ್ನಿಗೆ ಹೋಗಿದ್ನಲ್ಲ, ಅಲ್ಲಿಂದ."

"ಹಾಗಾದ್ರೆ ಅದೂ ನಮ್ಮನೆ ಕೂಸೇ ಸರ್," ಎಂದು ಪ್ಲೇಟಕ್ಕ ಎಲ್ಲವನ್ನೂ ಹೇಳಿಬಿಟ್ಟಳು.

ಇನ್‌ಸ್ಪೆಕ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಈ ಲ್ಯಾಬನ್ನು ಫೇಲ್ ಮಾಡಿದರೆ ಹೋದ ವಾರ ತಾವೇ ಪಾಸು ಮಾಡಿದ ಮಕ್ಕಳ ಆಸ್ಪತ್ರೆಯನ್ನೂ ಫೇಲ್ ಮಾಡಬೇಕು, ಜೊತೆಗೆ ತಮ್ಮನ್ನೂ. ಆಮೇಲೆ ಪೆನ್ನು ತೆಗೆದು, "ದೋಷ ಪತ್ತೆ ಹಚ್ಚುವ ಸಾಮರ್ಥ್ಯ ಅತ್ಯುತ್ತಮ. ಪಾಸ್," ಎಂದು ಬರೆದರು. ಕೆಳಗೆ ಇನ್ನೊಂದು ಸಾಲು: ಫ್ರೀಜರಿನ ಮೂಲ ಸಾಧುವಿನಿಂದ ಎಲ್ಲ ಲ್ಯಾಬುಗಳಿಗೂ ಹೊಸ ಟ್ಯೂಬು, ಹತ್ತು ದಿನದ ಅಷ್ಟೂ ರಿಪೋರ್ಟುಗಳ ಮರುಪರೀಕ್ಷೆ, ಎಲ್ಲವೂ ಒಂದು ತಿಂಗಳೊಳಗೆ, ದೋಷ ಪತ್ತೆ ಹಚ್ಚಿದ ಇವರ ಕೈಯಿಂದಲೇ.

ಲ್ಯಾಬಿನ ಮುಖ್ಯಸ್ಥೆ ಸಂತೋಷದಿಂದ ಪ್ಲೇಟಕ್ಕನ ಬೆನ್ನು ತಟ್ಟಿ, ರಜೆಯ ಅರ್ಜಿಯನ್ನು ಅವಳ ಕೈಗೇ ವಾಪಸು ಕೊಟ್ಟರು.

"ಮೇಡಂ," ಪ್ಲೇಟಕ್ಕ ಮೆಲ್ಲಗೆ ಕೇಳಿದಳು, "ಅಕಸ್ಮಾತ್ ಫೇಲ್ ಆಗಿದ್ರೆ?"

"ಸದ್ಯ, ಆ ಮಾತು ಆಡಬೇಡಿ. ಫೇಲ್ ಆಗಿದ್ರೆ ಲ್ಯಾಬಿಗೆ ಒಂದು ತಿಂಗಳು ಬೀಗ. ನಾವೆಲ್ಲ ಕೆಲಸ ಇಲ್ಲದೆ ಮನೇಲಿ ಕೂರಬೇಕಿತ್ತು."