ಕೆಳಗರ್ಧದ ಛಾಯಾಗ್ರಾಹಕ

ರುಜು ಪರಿಶೀಲನಾ ಕಚೇರಿಯ ನೌಕರರು ಹವ್ಯಾಸ ಇಟ್ಟುಕೊಳ್ಳಬಹುದು. ಆದರೆ ಅದನ್ನು ಕಲಿಯಬೇಕಾದಲ್ಲಿ ಕಚೇರಿಯ ಪೂರ್ವಾನುಮತಿ ಪಡೆಯತಕ್ಕದ್ದು. ಈ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಒಬ್ಬ ಗುಮಾಸ್ತರು ಯಾರಿಗೂ ಹೇಳದೆ ಕೇಳದೆ ಕೊಳಲು ಕಲಿತುಬಿಟ್ಟಿದ್ದರು. ವಿಷಯ ಮೇಲಧಿಕಾರಿಗಳ ಕಿವಿಗೆ ಬೀಳುವ ಹೊತ್ತಿಗೆ ಅವರು ಚೆನ್ನಾಗಿಯೇ ನುಡಿಸುತ್ತಿದ್ದರು. ಕಲಿತದ್ದನ್ನು ವಾಪಸು ಪಡೆಯಲು ಕಚೇರಿಯಲ್ಲಿ ಯಾವ ಅವಕಾಶವೂ ಇರಲಿಲ್ಲ. ಅಂಥ ಅನಾಹುತ ಮತ್ತೆ ನಡೆಯಬಾರದೆಂದು ನಿಯಮ ಮಾಡಿದರು. ಸರಿಯಾಗಿಯೇ ಮಾಡಿದರು.

ಈ ಕಚೇರಿಗೆ ಎರಡು ಮಹಡಿ. ಮೇಲಿನ ಮಹಡಿಯವರು ಪ್ರತಿ ಕಾಗದದ ಮೇಲರ್ಧ ಓದುತ್ತಾರೆ, ಕೆಳಮಹಡಿಯವರು ಕೆಳಗರ್ಧದಲ್ಲಿರುವ ರುಜು ನೋಡುತ್ತಾರೆ. ಮೇಲಿನವರು ಕೆಳಗೆ ಕಣ್ಣು ಹಾಯಿಸುವಂತಿಲ್ಲ, ಕೆಳಗಿನವರು ಮೇಲೆ ಕಣ್ಣೆತ್ತುವಂತಿಲ್ಲ. ಹಾಗೇನಾದರೂ ಆದರೆ ಒಬ್ಬನೇ ಮನುಷ್ಯ ಇಡೀ ಕಾಗದ ಓದಿಬಿಟ್ಟಂತಾಗಿ, ಅರ್ಧ ಕಚೇರಿಗೆ ಕೆಲಸವೇ ಇಲ್ಲದಂತಾಗುತ್ತದೆ.

ಕೆಳಮಹಡಿಯ ಕಿಟಕಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ರುಜಪ್ಪನವರು ಎಂದೇ ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಅವರಿಗೂ ಆಗಾಗ ಮರೆಯುತ್ತಿತ್ತು. ಎಂಥ ಗೀಚು ರುಜುವಾದರೂ ಸರಿ, ಅವರು ಒಂದು ಗಳಿಗೆ ದಿಟ್ಟಿಸಿ, "ಹೊಂದುತ್ತೆ" ಅನ್ನುತ್ತಿದ್ದರು. ಇಲ್ಲವೇ ತಲೆಯಾಡಿಸಿ ಕಾಗದವನ್ನು ಹಿಂದಕ್ಕೆ ತಳ್ಳುತ್ತಿದ್ದರು. "ಇದನ್ನ ಹಾಕುವಾಗ ಈ ಮನುಷ್ಯನಿಗೆ ಹೊಟ್ಟೆನೋವಿತ್ತು" ಎಂದು ಹೇಳುವಷ್ಟು ಹಿಡಿತ. ಆ ಕಾಗದದಲ್ಲಿ ಏನು ಬರೆದಿತ್ತು ಎಂದು ಕೇಳಿದರೆ ಮಾತ್ರ, "ಅದು ಮೇಲಿನವರ ವಿಚಾರ ಸ್ವಾಮಿ" ಎಂದು ಕೈಯಾಡಿಸಿಬಿಡುತ್ತಿದ್ದರು.

ಇಂಥ ರುಜಪ್ಪನವರು ಕ್ಯಾಮೆರಾ ಕೊಂಡರು. ಕೊಂಡಿದ್ದೇ ಕೊಂಡಿದ್ದು, ಮನೆಯ ನಡುಕೋಣೆಯ ಗೋಡೆಯೆಲ್ಲ ಫೋಟೋ. ಮಕ್ಕಳು, ನೆಂಟರು, ಪಕ್ಕದ ಮನೆಯವರು, ಎಲ್ಲರೂ ಪಾದದಿಂದ ಕುತ್ತಿಗೆಯವರೆಗೆ ಸ್ಪಷ್ಟವಾಗಿದ್ದರು. ಕುತ್ತಿಗೆಯಿಂದ ಮೇಲೆ ಯಾರೂ ಇರಲಿಲ್ಲ. ಎಷ್ಟೋ ವರ್ಷ ಕಾಗದದ ತಳ ನೋಡಿದ ಕಣ್ಣು, ಏನನ್ನು ಕಂಡರೂ ಮೊದಲು ತಳಕ್ಕೇ ಇಳಿಯುತ್ತಿತ್ತು. ತಳ ಸರಿಯಿದೆ ಅನ್ನಿಸಿದ ಕೂಡಲೇ ಬೆರಳು ಗುಂಡಿ ಒತ್ತುತ್ತಿತ್ತು. ಮನೆಯವರು ಚಪ್ಪಲಿ ನೋಡಿ ಗುರುತು ಹಿಡಿಯುವುದನ್ನು ರೂಢಿ ಮಾಡಿಕೊಂಡರು. ಮನುಷ್ಯ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ ಹೇಳಿ!

ಹೆಂಡತಿಗೆ ಮಾತ್ರ ಒಂದು ದಿನ ತಡೆಯಲಾಗಲಿಲ್ಲ.

"ರೀ, ಇದರಲ್ಲಿ ನಾನು ಯಾರು?"

"ಎಡಗಡೆಯಿಂದ ಮೂರನೆಯವಳು. ನೀಲಿ ಪಟ್ಟಿ ಚಪ್ಪಲಿ ನೋಡು."

"ಚಪ್ಪಲಿ ಗೊತ್ತಾಯ್ತು. ಮುಖ ಎಲ್ರೀ?"

ರುಜಪ್ಪನವರು ಫೋಟೋ ತಿರುಗಿಸಿ ಹಿಂಬದಿ ನೋಡಿದರು. ಅಲ್ಲೂ ಇರಲಿಲ್ಲ.

"ನಾವು ಮದುವೆಯಾಗಿ ಇನ್ನೇನು ಇಪ್ಪತ್ತೈದು ವರ್ಷ ತುಂಬುತ್ತೆ" ಅಂದಳು ಹೆಂಡತಿ. "ಅಕ್ಕ ಬರ್ತಾಳೆ, ನೆಂಟರೆಲ್ಲ ಬರ್ತಾರೆ. ಅಷ್ಟರೊಳಗೆ ನನ್ನ ಮುಖ ಇರೋ ಒಂದು ಫೋಟೋ ಈ ಗೋಡೆ ಮೇಲೆ ಇರ್ಬೇಕು. ನೀವೇ ತೆಗೆದಿದ್ದು."

"ಸ್ಟುಡಿಯೋಗೆ ಹೋಗಿ ತೆಗೆಸಿಬಿಡೋಣವಂತೆ ಬಿಡು."

"ಸ್ಟುಡಿಯೋದವರಿಗೆ ಊರವರೆಲ್ಲರ ಮುಖಾನೂ ಕಾಣುತ್ತೆ. ನಿಮಗೆ ನಂದು ಕಾಣುತ್ತಾ ಇಲ್ವಾ ಅಂತ ನನಗೆ ಗೊತ್ತಾಗ್ಬೇಕು. ಆಗಲಿಲ್ಲ ಅಂದ್ರೆ ಆ ಕ್ಯಾಮೆರಾ ಅಟ್ಟ ಸೇರುತ್ತೆ, ನಾನೂ ಇನ್ಯಾವ ಫೋಟೋಕ್ಕೂ ನಿಲ್ಲಲ್ಲ."

ಅವಳು ನಗುತ್ತಲೇ ಹೇಳಿದಳು. ಆದರೆ ರುಜಪ್ಪನವರು ಕ್ಯಾಮೆರಾವನ್ನು ಎದೆಗವಚಿಕೊಂಡರು. ಅವರಿಗೆ ಹೆಂಡತಿಯ ಮೇಲೆ ಪ್ರಾಣ. ಆ ಪ್ರಾಣವನ್ನು ಎಲ್ಲಿಂದ ಶುರುಮಾಡಿ ನೋಡಬೇಕೆಂಬುದಷ್ಟೇ ತಿಳಿದಿರಲಿಲ್ಲ.

ಮರುದಿನವೇ ವಿಚಾರಿಸಿದರು. ಹವ್ಯಾಸಿಗಳಿಗೆಂದು ಎರಡು ಕೋರ್ಸುಗಳಿದ್ದವು. ಒಂದು ಆನ್‌ಲೈನ್: ಮನೆಯಲ್ಲೇ ಕೂತು ಪರದೆಯ ಮೇಲಿನ ಮೇಷ್ಟರ ಪಾಠವನ್ನು ಬೇಕಾದಷ್ಟು ಸಲ ತಿರುಗಿಸಿ ನೋಡಬಹುದು. ಇನ್ನೊಂದು, ಕಚೇರಿಯ ಹಿಂದಿನ ಬೀದಿಯ ಸ್ಟುಡಿಯೋ ಮಾಸ್ತರರ ತರಗತಿ: ಖುದ್ದು ಹೋಗಬೇಕು, ತಪ್ಪಿದರೆ ಅವರು ಅಲ್ಲೇ ತಿದ್ದುತ್ತಾರೆ. ರುಜಪ್ಪನವರು ಅನುಮತಿ ಕೋರಿ ಬರೆದುಕೊಂಡರು: ಆನ್‌ಲೈನ್ ಅಥವಾ ಖುದ್ದು, ಯಾವುದಾದರೂ ಆದೀತು.

ಅಲ್ಲೇ ಎಡವಟ್ಟಾಯಿತು. ನಿರ್ದೇಶಕಿಯವರು ಅವರನ್ನು ಕರೆಸಿಕೊಂಡರು.

"ರುಜಪ್ಪನವರೇ, ಈ 'ಅಥವಾ'ಗೆ ನಾನು ಹೇಗೆ ಅನುಮತಿ ಕೊಡಲಿ? ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಅನ್ಯಾಯ ಮಾಡಿದ ಹಾಗಾಗುತ್ತೆ."

"ಯಾವುದಾದ್ರೂ ನಡೆಯುತ್ತೆ ಮೇಡಂ."

"ನಿಮಗೆ ನಡೆಯುತ್ತೆ. ಕಚೇರಿಗೆ ನಡೆಯಬೇಕಲ್ಲ!"

ಹೀಗಾಗಿ ಆಯ್ಕೆ ಸಮಿತಿ ರಚನೆಯಾಯಿತು. ಸಮಿತಿಯ ಮೊದಲ ಸಭೆ ಆನ್‌ಲೈನಿನಲ್ಲಿ ನಡೆಯಬೇಕೋ ಖುದ್ದಾಗಿ ನಡೆಯಬೇಕೋ ಎಂಬುದನ್ನು ತೀರ್ಮಾನಿಸಲು ಒಂದು ಪೂರ್ವಭಾವಿ ಸಭೆ ನಡೆಯಿತು. ಅದರಲ್ಲಿ ಯಾರ ಮನಸ್ಸೂ ನೋಯದಂತೆ, ಅರ್ಧ ಸದಸ್ಯರು ಸಭಾಂಗಣದಲ್ಲೂ ಉಳಿದರ್ಧ ಅದೇ ಸಭಾಂಗಣದ ಹೊರಗಿನ ಬೆಂಚಿನ ಮೇಲೆ ಫೋನು ಹಿಡಿದೂ ಪಾಲ್ಗೊಂಡರು. ಬಾಗಿಲು ತೆರೆದೇ ಇದ್ದುದರಿಂದ ಪ್ರತಿ ಮಾತೂ ಎರಡೆರಡು ಸಲ ಕೇಳಿಸಿತು. ಚರ್ಚೆ ಆಳವಾಗಿತ್ತು ಎಂದು ಎಲ್ಲರಿಗೂ ಅನ್ನಿಸಿತು.

ಆನ್‌ಲೈನ್ ಪರವಾಗಿ ಟೈಪಿಂಗ್ ಮೇಡಂ ಮಾತಾಡಿದರು. "ಮೇಷ್ಟರನ್ನ ಬೇಕಾದಾಗ ನಿಲ್ಲಿಸಬಹುದು ನೋಡಿ. ಜೀವನದಲ್ಲಿ ಇಂಥ ಅನುಕೂಲ ಇನ್ನೆಲ್ಲಿ ಸಿಗುತ್ತೆ? ನಮ್ಮ ಮನೆಯವರನ್ನ ಹಾಗೆ ನಿಲ್ಲಿಸೋಕಾಗುತ್ತಾ?"

ಖುದ್ದು ತರಗತಿಯ ಪರವಾಗಿ ಉಗ್ರಾಣದ ಬೀಗದಣ್ಣ ಎದ್ದು ನಿಂತರು. ಕಚೇರಿಯ ಬೀಗದ ಕೈಗಳೆಲ್ಲ ಅವರ ಸೊಂಟದಲ್ಲಿ ಇದ್ದುದರಿಂದ ಅವರು ಏಳುವುದು ಮೊದಲು ಕೇಳಿಸುತ್ತಿತ್ತು, ಆಮೇಲೆ ಕಾಣಿಸುತ್ತಿತ್ತು. "ಪರದೆ ಮೇಲಿನ ಮೇಷ್ಟರಿಗೆ ನಮ್ಮ ತಪ್ಪು ಕಾಣಲ್ಲ. ತಪ್ಪು ಯಾರಿಗೂ ಕಾಣದೇ ಇದ್ರೆ ತಿದ್ದೋರು ಯಾರು?"

"ಯಾರಿಗೂ ಕಾಣದಿದ್ರೆ ತಿದ್ದೋದು ಯಾಕ್ರೀ?" ಅಂದರು ಟೈಪಿಂಗ್ ಮೇಡಂ. ಇದು ಕಚೇರಿಯ ಧೋರಣೆಗೆ ಹತ್ತಿರವಾಗಿದ್ದರಿಂದ ಚಪ್ಪಾಳೆ ಬಿತ್ತು.

ಕಡೆಗೆ ಪ್ರಕಟಣೆ ಹೊರಬಿತ್ತು: "ಎರಡೂ ವಿಧಾನಗಳಿಗೆ ಸಮಾನ ನ್ಯಾಯ ಒದಗಿಸುವ ದೃಷ್ಟಿಯಿಂದ, ಆನ್‌ಲೈನ್ ಕೋರ್ಸಿಗೆ ಖುದ್ದಾಗಿ ಹಾಜರಾಗತಕ್ಕದ್ದು ಹಾಗೂ ಖುದ್ದು ಕೋರ್ಸನ್ನು ಆನ್‌ಲೈನ್ ಮೂಲಕ ಕಲಿಯತಕ್ಕದ್ದು. ಒಬ್ಬರೇ ಕಲಿತರೆ ಉಳಿದವರಿಗೆ ಬೇಸರವಾಗುವುದರಿಂದ ಎಲ್ಲ ಸಿಬ್ಬಂದಿಯೂ ಹವ್ಯಾಸಿಗಳೆಂದು ಈ ಮೂಲಕ ಘೋಷಿಸಲಾಗಿದೆ."

ಬೆಳಗ್ಗೆ ಇಡೀ ಕಚೇರಿ ಸಭಾಂಗಣದಲ್ಲಿ ಸೇರುತ್ತಿತ್ತು. ಪರದೆಯ ಮೇಲೆ ಮೇಷ್ಟರು ಕಾಣಿಸಿಕೊಂಡಾಗ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಕೂತುಕೊಳ್ಳಿ ಎಂದು ಅವರು ಹೇಳುತ್ತಿರಲಿಲ್ಲವಾದ್ದರಿಂದ ಪಾಠ ಮುಗಿಯುವವರೆಗೂ ನಿಂತೇ ಇರುತ್ತಿದ್ದರು. ಬೀಗದಣ್ಣ ಕೈಯೆತ್ತಿ ಪ್ರಶ್ನೆ ಕೇಳಿದರು. ಯಾವಾಗಲೋ ಚಿತ್ರೀಕರಿಸಿಟ್ಟ ಆ ಮೇಷ್ಟರು ತಮ್ಮ ಪಾಡಿಗೆ ತಾವು ಮುಂದುವರಿದರು. ಸಿಬ್ಬಂದಿಯ ಪ್ರಶ್ನೆಗೆ ಉತ್ತರಿಸದ ಕಾರಣಕ್ಕೆ ಅವರಿಗೆ ನೋಟಿಸು ಕೊಡಲಾಯಿತು. ಬೀಗದಣ್ಣ ಅದನ್ನು ಪರದೆಗೆ ಅಂಟಿಸಿದರು. ಅಂದಿನಿಂದ ಮೇಷ್ಟರ ಬಾಯಿ ನೋಟಿಸಿನ ಹಿಂದೆಯೇ ಆಡುತ್ತಿತ್ತು.

ಕ್ಯಾಮೆರಾದ್ದು ಇನ್ನೊಂದು ಕಥೆ. ಕಚೇರಿಯ ಬಾಗಿಲಲ್ಲೇ "ಛಾಯಾಗ್ರಹಣ ನಿಷೇಧಿಸಿದೆ" ಎಂಬ ಫಲಕವಿತ್ತು. ಹಾಗಾಗಿ ರುಜಪ್ಪನವರ ಕ್ಯಾಮೆರಾವನ್ನು ಬೀಗದಣ್ಣ ಉಗ್ರಾಣದಲ್ಲಿ ಭದ್ರಪಡಿಸಿ, ಅಭ್ಯಾಸಕ್ಕೆಂದು ಎಲ್ಲರಿಗೂ ಕಾಗದಕ್ಕೆ ತೂತು ಮಾಡುವ ಪಂಚಿಂಗ್ ಯಂತ್ರ ಕೊಟ್ಟರು. ಅದನ್ನು ಕಣ್ಣಿಗೆ ಹಿಡಿದು ಒತ್ತಿದರೆ ಟಕ್ ಎಂದು ಶಬ್ದವೂ ಬರುತ್ತಿತ್ತು. ಟೈಪಿಂಗ್ ಮೇಡಂ ಅದರಲ್ಲಿ ಎಷ್ಟು ಪಳಗಿದರೆಂದರೆ, ಕಿಟಕಿಯಾಚೆಯ ಗುಬ್ಬಚ್ಚಿಗಳನ್ನೂ ಬಿಡಲಿಲ್ಲ.

ಸಂಜೆ ಖುದ್ದು ಕೋರ್ಸು. ಅಷ್ಟು ಹೊತ್ತಿಗೆ ಕಚೇರಿ ಮುಚ್ಚಿರುತ್ತಿದ್ದರಿಂದ ಉಳಿದ ಹವ್ಯಾಸಿಗಳು ಮನೆ ಸೇರುತ್ತಿದ್ದರು. ರುಜಪ್ಪನವರು ಸ್ಟುಡಿಯೋದ ಮುಂಗೋಣೆಯಲ್ಲಿ ಕೂರಬೇಕು, ಮಾಸ್ತರರು ಹಿಂಗೋಣೆಯಿಂದ ಫೋನಿನಲ್ಲಿ ಪಾಠ ಹೇಳಬೇಕು. ನಡುವೆ ಒಂದು ಬಟ್ಟೆಯ ಪರದೆ. ಮಾಸ್ತರರು ಒಮ್ಮೆ ಅದನ್ನು ಸರಿಸಿ ತಲೆ ಹಾಕಿದರು.

"ಅಲ್ಲಾ ಸ್ವಾಮಿ, ಇಷ್ಟು ಹತ್ತಿರ ಇದ್ದೀವಿ. ಬಂದು ಕೈ ಹಿಡಿದು ತೋರಿಸಿಬಿಡ್ಲಾ?"

"ಬೇಡಿ ಮಾಸ್ತರೇ, ಅನುಮತಿ ರದ್ದಾಗುತ್ತೆ" ಎಂದು ರುಜಪ್ಪನವರು ಗಾಬರಿಯಿಂದ ಕಣ್ಣು ಮುಚ್ಚಿಕೊಂಡರು. ಮಾಸ್ತರರು ಒಳ್ಳೆಯವರು. ಪರದೆ ಬಿಟ್ಟು ಮತ್ತೆ ಫೋನು ಮಾಡಿದರು.

ಪರೀಕ್ಷೆಯ ದಿನ ಬಂದೇಬಿಟ್ಟಿತು. ರುಜಪ್ಪನವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಲು ಒಂದೇ ದಿನ ಬಾಕಿ. ಕಚೇರಿಯ ಮುಂದಿನ ಬಯಲಿನಲ್ಲಿ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಉಗ್ರಾಣದಿಂದ ಕ್ಯಾಮೆರಾ ಬಿಡುಗಡೆ ಮಾಡಿದರು. ರುಜಪ್ಪನವರು ಉಸಿರು ಬಿಗಿಹಿಡಿದು ತೆಗೆದರು. ಬೆಳಕು ಸೊಗಸಾಗಿ ಬಿದ್ದಿತ್ತು. ಬೂಟುಗಳ ದಾರದ ಗಂಟು ಕೂಡ ಎಣಿಸುವ ಹಾಗಿತ್ತು. ಕುತ್ತಿಗೆಯ ಮೇಲೆ ಒಬ್ಬರೂ ಇರಲಿಲ್ಲ.

"ತಲೆ?" ಎಂದು ಕೇಳಿದರು, ಪರೀಕ್ಷಕರಾಗಿ ಬಂದಿದ್ದ ಸ್ಟುಡಿಯೋ ಮಾಸ್ತರರು.

ನಿರ್ದೇಶಕಿಯವರು ಫೋಟೋವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ತಲೆ ಮೇಲರ್ಧಕ್ಕೆ ಸೇರಿದ್ದು ಮಾಸ್ತರೇ. ರುಜಪ್ಪನವರು ಕೆಳಮಹಡಿಯವರು. ಅವರ ವ್ಯಾಪ್ತಿಯಲ್ಲಿ ಇದ್ದದ್ದನ್ನೆಲ್ಲ ತೆಗೆದಿದ್ದಾರೆ. ಅಲ್ಲದೆ ನಮ್ಮ ಗ್ರೂಪ್ ಫೋಟೋದಲ್ಲಿ ಪ್ರತಿ ಸಲ ಯಾರಾದರೂ ಒಬ್ಬರು ಕಣ್ಣು ಮುಚ್ಚಿರ್ತಿದ್ರು. ಈ ಸಲ ನೋಡಿ, ಒಬ್ಬರೂ ಮುಚ್ಚಿಲ್ಲ!"

ಅದು ಎಲ್ಲರಿಗೂ ಹೌದೆನ್ನಿಸಿತು. ಅಂದು ರಜೆಯ ಮೇಲಿದ್ದವರೂ ಬಂದು, ಆ ಚಿತ್ರದಲ್ಲಿ ತಾವೂ ಇದ್ದೇವೆಂದು ಸಂತೋಷಪಟ್ಟರು. ರುಜಪ್ಪನವರು ಉನ್ನತ ಶ್ರೇಣಿಯಲ್ಲಿ ಉತ್ತೀರ್ಣರಾದರು.

ಪಾಪ, ಅವರಿಗೆ ಮಾತ್ರ ಆ ಶ್ರೇಣಿ ಗಂಟಲಲ್ಲಿ ಇಳಿಯಲಿಲ್ಲ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ತಲೆ ತಗ್ಗಿಸಿಕೊಂಡು ಮನೆಗೆ ಬಂದರು. ಹೆಂಡತಿ ಕಿಟಕಿಯ ಹತ್ತಿರ ನಿಂತಳು. ಅವರು ತೆಗೆದರು. ಇಬ್ಬರೂ ನೋಡಿದರು. ಪಾದ, ಮೊಣಕಾಲು, ಸೊಂಟ, ಕುತ್ತಿಗೆ. ಅಷ್ಟೇ.

"ನನ್ನ ಕೈಲಾಗಲ್ಲ ಕಣೇ" ಅಂದರು ರುಜಪ್ಪನವರು, ಕುರ್ಚಿಗೆ ಕುಸಿಯುತ್ತ. "ಎರಡೆರಡು ಕೋರ್ಸು ಮಾಡ್ದೆ. ನೀನೇ ಅಟ್ಟಕ್ಕೆ ಹಾಕಿಬಿಡು." ಅವರ ಕಣ್ಣಲ್ಲಿ ನೀರು ಬಂತು.

ಹೆಂಡತಿ ಕ್ಯಾಮೆರಾವನ್ನು ಮತ್ತೆ ಅವರ ಕೈಗೇ ಕೊಟ್ಟಳು.

"ರೀ, ಕಾಗದ ಬಂದ ತಕ್ಷಣ ನೀವು ಏನು ಹುಡುಕ್ತೀರಿ?"

"ರುಜು. ಇನ್ನೇನು ಹುಡುಕ್ಲಿ?"

ಅವಳು ಒಂದು ಚೀಟಿ ಹರಿದು ತನ್ನ ರುಜು ಹಾಕಿ, ಕ್ಲಿಪ್ಪಿನಿಂದ ನೆತ್ತಿಯ ಮೇಲೆ ಸಿಕ್ಕಿಸಿಕೊಂಡಳು. "ಈಗ ತೆಗೀರಿ."

ತೆಗೆದರು. ತಳದಲ್ಲಿ ಚೀಟಿ, ಅದರ ಮೇಲೆ ಫ್ಯಾನು, ಫ್ಯಾನಿನ ಮೇಲೆ ಜೇಡರ ಬಲೆ.

"ಅಯ್ಯೋ ರಾಮ, ನಿಮಗೆ ರುಜು ತಳದಲ್ಲೇ ಇರ್ಬೇಕಲ್ವಾ!" ಎಂದು ಹಣೆ ಚಚ್ಚಿಕೊಂಡ ಹೆಂಡತಿ, ಚೀಟಿಯನ್ನು ಕಿತ್ತು ಕುತ್ತಿಗೆಯ ಕೆಳಗೆ ಬಟ್ಟೆಗೆ ಪಿನ್ನು ಮಾಡಿಕೊಂಡಳು. ಜೇಡರ ಬಲೆ ನೆನೆದು ಅವಳಿಗೆ ನಗು ಬಂತು.

ರುಜಪ್ಪನವರು ಕಣ್ಣು ಕಿರಿದು ಮಾಡಿದರು. ತಳದಲ್ಲಿ ರುಜು ಇತ್ತು. ಅದರ ಮೇಲೆ ಗಲ್ಲ ಇತ್ತು, ಗಲ್ಲದ ಮೇಲೆ ಬಾಯಿ, ಬಾಯಿಯ ಪಕ್ಕ ಅವರು ಎಂದೋ ಕಂಡು ಮರೆತಿದ್ದ ಒಂದು ಗುಳಿ. ವ್ಯಾಪ್ತಿ ಮೀರುತ್ತಿದ್ದೇನೆಂದು ಅವರಿಗೆ ಗೊತ್ತಾಯಿತು. ಆದರೂ ಕಣ್ಣನ್ನು ಇನ್ನೂ ಮೇಲಕ್ಕೆತ್ತಿದರು.

"ಏ, ನೀನು ನಗ್ತಾ ಇದೀಯಾ?"

"ನೀವು ಕ್ಯಾಮೆರಾ ಕೊಂಡಾಗಿನಿಂದ ಪ್ರತಿ ಫೋಟೋದಲ್ಲೂ ನಕ್ಕಿದ್ದೀನಿ. ನೀವು ಚಪ್ಪಲಿ ನೋಡ್ತಿದ್ರಿ."

ರುಜಪ್ಪನವರ ಬೆರಳು ತಾನಾಗಿಯೇ ಒತ್ತಿತು. ಕ್ಯಾಮೆರಾ ಇಳಿಸಿದ ಮೇಲೂ ಅವರು ಅವಳನ್ನೇ ನೋಡುತ್ತ ನಿಂತಿದ್ದರು.

"ಹೊಂದುತ್ತೆ" ಅಂದರು. ಅವಳಿಗೆ ನಾಚಿಕೆಯಾಯಿತು.

ಈ ವಿಷಯ ಬೆಳಗಾಗುವುದರೊಳಗೆ ಕಚೇರಿ ಮುಟ್ಟಿತು. ನಿರ್ದೇಶಕಿಯವರು ತಡಮಾಡದೆ ಪ್ರಕಟಣೆ ಹೊರಡಿಸಿದರು: "ಇನ್ನು ಮುಂದೆ ಛಾಯಾಚಿತ್ರದಲ್ಲಿ ತಮ್ಮ ಮುಖ ಇರಬೇಕೆಂದು ಬಯಸುವವರು ಕುತ್ತಿಗೆಯ ಕೆಳಗೆ ಸ್ವಂತ ರುಜು ಧರಿಸತಕ್ಕದ್ದು. ರುಜು ಹೊಂದದಿದ್ದಲ್ಲಿ ಮುಖಕ್ಕೆ ಕಚೇರಿ ಜವಾಬ್ದಾರಿಯಲ್ಲ." ಮುಖ ತಮ್ಮ ವ್ಯಾಪ್ತಿಯದೆಂದು ಮೇಲಿನ ಮಹಡಿಯವರು ತಕರಾರು ತೆಗೆದರು. ಹಣೆಯಿಂದ ಮೇಲಿನ ಕೂದಲನ್ನು ಅವರಿಗೆ ಬಿಟ್ಟುಕೊಟ್ಟ ಮೇಲೆ ಸಮಾಧಾನಗೊಂಡರು.

ಸಂಜೆ ರುಜಪ್ಪನವರ ಮನೆ ತುಂಬಾ ಜನ. ಎಲ್ಲರೂ ಎದೆಯ ಮೇಲೆ ಚೀಟಿ ಧರಿಸಿಯೇ ಬಂದಿದ್ದರು. ರುಜಪ್ಪನವರು ಬಾಗಿಲಲ್ಲಿ ನಿಂತು ಒಂದೊಂದೇ ಪರಿಶೀಲಿಸಿ ಒಳಗೆ ಬಿಡುತ್ತಿದ್ದರು. ಬೀಗದಣ್ಣ ಒಬ್ಬರು ಮಾತ್ರ, ಭದ್ರವಾಗಿರಲೆಂದು ತಮ್ಮ ಚೀಟಿಯನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿ ಬಂದಿದ್ದರು. ಅಂದಿನ ಫೋಟೋಗಳಲ್ಲಿ ಅವರಿಗೆ ಬೀಗದ ಕೈಗಳ ತನಕ ಮಾತ್ರ ಜಾಗ ಸಿಕ್ಕಿತು. ನಿಯಮ ಅಂದ ಮೇಲೆ ನಿಯಮ ಎಂದು ಅವರೇ ಒಪ್ಪಿಕೊಂಡರು.

ನಡುಕೋಣೆಯ ಗೋಡೆಯ ನಟ್ಟನಡುವೆ ಹೊಸ ಫೋಟೋ. ಹೆಂಡತಿಯ ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಳು. ಆ ಮನೆಯ ಫೋಟೋಗಳನ್ನು ಅವಳು ಮೊದಲಿನಿಂದಲೂ ನೋಡಿಕೊಂಡು ಬಂದವಳು.

"ಚೆನ್ನಾಗಿದ್ದಾಳೆ. ಯಾರೇ ಇವಳು?"

"ಅಕ್ಕಾ! ನಾನು ಕಣೇ!"

"ಹೇಗೆ ನಂಬ್ಲಿ? ಕಾಲೇ ಇಲ್ವಲ್ಲ."

ತಂಗಿ ಬಾಗಿಲಿನಾಚೆಯಿಂದ ತನ್ನ ನೀಲಿ ಪಟ್ಟಿ ಚಪ್ಪಲಿ ತಂದು ಫೋಟೋದ ಕೆಳಗೆ ಹಿಡಿದಳು. ಅಕ್ಕ ಬಗ್ಗಿ ಚಪ್ಪಲಿ ನೋಡಿದಳು. ರುಜಪ್ಪನವರು ಬಾಗಿಲ ಬಳಿಯಿಂದಲೇ ತಿರುಗಿದರು. ಫೋಟೋವನ್ನೂ ನೋಡಲಿಲ್ಲ, ಚಪ್ಪಲಿಯನ್ನೂ ನೋಡಲಿಲ್ಲ. ನೇರವಾಗಿ ಹೆಂಡತಿಯ ಮುಖ ನೋಡಿ, "ಹೊಂದುತ್ತೆ ಅತ್ತಿಗೆ" ಅಂದರು.

ರುಜಪ್ಪನವರೇ ಹೇಳಿದ ಮೇಲೆ ಅಕ್ಕನಿಗೂ ನಂಬಿಕೆ ಬಂತು.