ಬೀಗರ ಮನೆಯಲ್ಲಿ ದೇಣಿಗೆ

ನಮ್ಮ ಸಾಹೇಬರಿಗೆ ಮನುಷ್ಯರೇ ಕಾಣುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಣುತ್ತಾರೆ. ಆದರೆ ಆ ಮನುಷ್ಯನಿಗಿಂತ ಮೊದಲು ಅವನ ಮಾವ, ಷಡ್ಡಕ, ಬೀಗರು ಕಾಣುತ್ತಾರೆ! ಒಂದು ಖಾಸಗಿ ವಿಶ್ವವಿದ್ಯಾಲಯದ ದೇಣಿಗೆ ವಿಭಾಗಕ್ಕೆ ಅವರು ಮುಖ್ಯಸ್ಥರು, ನಾನು ಬೈಸಿಕೊಳ್ಳುವ ನೌಕರ. ಬೈಸಿಕೊಂಡು ಹೊತ್ತು ಉಳಿದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ದಾನಿಗಳನ್ನು ಹುಡುಕುತ್ತಿದ್ದೆ.

ಸಂದರ್ಶನದಲ್ಲಿ ಅವರು ನನ್ನ ಅಂಕಪಟ್ಟಿ ಮುಟ್ಟಲೇ ಇಲ್ಲ. "ಭೀಮಾ ನದಿ ದಂಡಿಗೆ ಕಬ್ಬಿನ ಹೊಲ ಇದ್ದವರು ನಿಮ್ಮ ಪೈಕಿ ಯಾರದಾರ?" ಎಂದರು. ಒಬ್ಬ ಸೋದರಮಾವ ಇದ್ದಾನೆ ಎಂದೆ. ನೌಕರಿ ಸಿಕ್ಕಿತು! ಆ ಮಾವ ಈಗ ನನ್ನ ಫೋನ್ ಎತ್ತುವುದಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ದೇಣಿಗೆ ತರದವರು ಕೂರುವಂತಿಲ್ಲ. ಎಷ್ಟೋ ವಾರ ಕುರ್ಚಿಗಳೆಲ್ಲ ಖಾಲಿ, ಗೋಡೆಗುಂಟ ನಾವು! ತಾಯಿಯ ಆಪರೇಷನ್ನಿಗೆ ರಜೆ ಕೇಳಿದ ಸಹೋದ್ಯೋಗಿ ಹುಡುಗಿಗೆ ಸಾಹೇಬರು, "ಹೋಗು, ಡಾಕ್ಟರ್ ನಮ್ಮ ಹಳೇ ವಿದ್ಯಾರ್ಥಿ ಏನಂತ ಕೇಳ್ಕೊಂಡು ಬಾ" ಎಂದರು. ಅವಳು ಬಚ್ಚಲಲ್ಲಿ ಅತ್ತು, ಮುಖ ತೊಳೆದು ಬಂದಳು. ನಾವೆಲ್ಲ ತಲೆ ತಗ್ಗಿಸಿ ದಾನಿಗಳ ಪಟ್ಟಿ ತಿರುವಿದೆವು. ಹೊಟ್ಟೆಪಾಡು ನೋಡಿ!

ಜೇವರ್ಗಿಯಲ್ಲಿ ಒಬ್ಬ ಜಮೀನುದಾರರು ತೀರಿಕೊಂಡಾಗ ಸಾಹೇಬರು ಅವರ ಮಗನ ಕಿವಿಗೆ ಬಾಗಿದರು. "ಅಪ್ಪಾರ ಹೆಸರಲೆ ಒಂದು ಕ್ಲಾಸ್ ರೂಮು ಕಟ್ಟಸ್ರಿ."

"ಮೊದಲ ಅಪ್ಪಗ ಮಣ್ಣು ಕೊಡ್ತೇವ್ರಿ."

"ಅಡ್ಡಿ ಇಲ್ಲ, ಕಾಯ್ತೇವಿ" ಎಂದು ಅಲ್ಲೇ ಕೂತರು!

ಇದನ್ನೆಲ್ಲ ಸಹಿಸಿದೆ. ಆಮೇಲೆ ನನ್ನ ತಂಗಿಯ ಸರದಿ ಬಂತು. ಮದುವೆಯಾದ ಮೇಲೆ ಅವಳಿಗದು ಮೊದಲ ನಾಗರಪಂಚಮಿ. ತವರಿಗೆ ಕರೆಯಲು ಅವಳ ಗಂಡನ ಊರು ಸರಸಂಬಾಕ್ಕೆ ಹೊರಟಿದ್ದೆ. "ನಾನೂ ಬರ್ತೇನಿ" ಎಂದು ಸಾಹೇಬರು ಗಾಡಿ ತಂದರು. ಬೀಗರು ಚಹಾ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, "ನಿಮ್ಮ ಸೊಸಿ ಅಣ್ಣನ ನೌಕರಿ ನಿಮ್ಮ ಕೈಯಾಗ ಅದರಿ. ಐದು ಲಕ್ಷ ದೇಣಿಗಿ ಕೊಡ್ರಿ" ಎಂದರು.

ಬೀಗರು ಕಪ್ಪು ಕೆಳಗಿಟ್ಟರು. "ಹೆಣ್ಣು ಕೊಟ್ಟವರು ಹಿಂಗ ರೊಕ್ಕ ಕೇಳಾಕ ಬರ್ತಾರಂತ ಗೊತ್ತಿರಲಿಲ್ರಿ. ಪಂಚಮಿಗೆ ನಮ್ಮ ಸೊಸಿ ಬರಾಂಗಿಲ್ಲ."

ಬಾಗಿಲ ಹಿಂದೆ ತಂಗಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ನಾಳಿಂದ ನಾ ಬರಾಂಗಿಲ್ರಿ. ನಿಮ್ಮ ನೌಕರಿ ನೀವೇ ಇಟ್ಕೋರಿ" ಎಂದೆ ಗಾಡಿಯಲ್ಲಿ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಆಳಂದ ಬಂದಾಗ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ನಾನೂ ಮೊದಲ ದೇಣಿಗಿ ನಮ್ಮಕ್ಕನ ಮನ್ಯಾಗೇ ಕೇಳಿದ್ದೆ, ಅತನೂರಾಗ. ಅವತ್ತಿಂದ ಅಕಿ ತವರಿಗೆ ಬಂದಿಲ್ಲ. ನೀ ಮತ್ತ ಕರ್ಯಾಕ ಹೋಗು. ಬೈದ್ರೂ ಹೋಗು. ನಾ ಹೋಗ್ಲಿಲ್ಲ."

ನನಗೇನೂ ಕನಿಕರ ಬರಲಿಲ್ಲ. ಗೊತ್ತಿದ್ದೂ ಮಾಡಿದರಲ್ಲ ಎಂದು ಮೈ ಉರಿಯಿತು.

ಮತ್ತೆ ಹೋದೆ. ಬೀಗರ ಬೈಗುಳ ತಿಂದೆ, ಆಮೇಲೆ ಬೀಗತಿ ಮಾಡಿದ ಹೋಳಿಗೆಯನ್ನೂ ತಿಂದೆ. ತಂಗಿ ಬಂದಳು. ಪಂಚಮಿಯ ದಿನ ಜೋಕಾಲಿ ಕಟ್ಟುತ್ತಿದ್ದಾಗ ಸಾಹೇಬರ ಫೋನು. ಎತ್ತಬಾರದು ಎಂದುಕೊಂಡೇ ಎತ್ತಿದೆ.

"ತಂಗಿ ಬಂದಾಳೇನು?"

"ಬಂದಾಳ್ರಿ."

"ನಾ ಅತನೂರಾಗ ಅಕ್ಕನ ಮನಿ ಮುಂದ ನಿಂತೇನಿ. ಒಳಗ ಹೋಗಿ ಮೊದಲ ಏನನ್ಬೇಕೋ?"

ಯಾರ ಮನೆಗೆ ಬೇಕಾದರೂ ನುಗ್ಗಿ ಏನು ಬೇಕಾದರೂ ಕೇಳುತ್ತಿದ್ದ ಮನುಷ್ಯ ಒಂದು ಮಾತಿಗಾಗಿ ನನ್ನನ್ನು ಕೇಳುತ್ತಿದ್ದ. ನನ್ನ ಸಿಟ್ಟು ಎಲ್ಲಿ ಹೋಯಿತೋ!

"ಏನೂ ಅನ್ನಬ್ಯಾಡ್ರಿ ಸಾಹೇಬ್ರ. ಚಪ್ಪಲಿ ಬಿಟ್ಟು ಒಳಗ ಹೋಗ್ರಿ" ಎಂದೆ.

ಫೋನ್ ಇಡುವುದನ್ನು ಮರೆತೇ ಅವರು ನಡೆದರು. ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ವಯಸ್ಸಾದ ಹೆಂಗಸಿನ ದನಿ:

"ಯಾಕೋ ತಮ್ಮಾ, ಎಷ್ಟು ಸೊರಗೀದಿ?"